ಸಾಲಗಾರನಿಗೆ ಬಿಡುಗಡೆ, ಮನೆಗೆ ಮಾತ್ರ ಬೇಡಿ!



ಬೆಳೆಗೆ ಬೆಲೆ ಬರಲಿಲ್ಲ, ಸಾಲ ತೀರಲಿಲ್ಲ. ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದಿರಿ. ಊರಿನವರು ‘ಪಾಪರ್ ಚೀಟಿ ತಗೊಂಡ’ ಅಂತ ಆಡಿಕೊಂಡರು, ಸಹಿಸಿದಿರಿ. ಓಡಾಡಿ ಚಪ್ಪಲಿ ಸವೆದ ಮೇಲೆ ‘ಸಾಲದಿಂದ ಬಿಡುಗಡೆ’ ಎಂಬ ಆದೇಶ ಕೈಗೆ ಬಂತು ಅಂದುಕೊಳ್ಳಿ. ಉಳಿದಿರುವ ಮನೆ ಮಾರಿ ಹೊಸದಾಗಿ ಬದುಕು ಕಟ್ಟೋಣ ಅಂತ ಹೊರಟಿರಿ. ಕೊಳ್ಳುವವನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದ. ಬ್ಯಾಂಕಿನ ಅಡಮಾನ ಅಲ್ಲೇ ಕೂತಿದೆ!

‘ನನ್ನ ಸಾಲವನ್ನು ಕೋರ್ಟೇ ತೆಗೆದು ಹಾಕಿದೆಯಲ್ಲ ಸ್ವಾಮಿ?’ ಅಂತ ನೀವು ಕೇಳುತ್ತೀರಿ. ‘ನಿನ್ನ ತಲೆ ಮೇಲಿಂದ ಹೋಗಿದೆಯಪ್ಪ, ಮನೆ ಮೇಲಿಂದ ಹೋಗಿಲ್ಲ’ ಅಂತಾರೆ.

ಇದು ತಮಾಷೆಯಲ್ಲ, ಕಾನೂನು. ನಮಗೆ ಅನ್ವಯಿಸುವುದು ಬ್ರಿಟಿಷರ ಕಾಲದ, 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅಡಮಾನ ಹಿಡಿದವನ ಹಕ್ಕಿಗೆ ದಿವಾಳಿಯಿಂದ ಧಕ್ಕೆಯಿಲ್ಲ ಎಂದು ಅದರ 28ನೇ ಕಲಮಿನಲ್ಲೇ ಬರೆದಿದ್ದಾರೆ. 44ನೇ ಕಲಂ ಇನ್ನೂ ಕಠೋರ. ಸರ್ಕಾರಿ ಬಾಕಿ ಬಿಡುಗಡೆಯಲ್ಲಿ ಸೇರುವುದಿಲ್ಲ. ನಿಮ್ಮನ್ನು ನಂಬಿ ಜಾಮೀನು ಸಹಿ ಹಾಕಿದ ಪಕ್ಕದ ಹೊಲದ ಅಣ್ಣನಿಗೂ ಬಿಡುಗಡೆಯಿಲ್ಲ.

2016ರಲ್ಲಿ ದೆಹಲಿಯವರು ಹೊಸ ದಿವಾಳಿ ಸಂಹಿತೆ ತಂದರು. ಅದರಲ್ಲಿ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿ ಮಾಡಿದ್ದು ಯಾರಿಗೆ? ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಇನ್ನು ಕಂಪನಿಯೇ ದಿವಾಳಿಯಾದರೆ? ಒಪ್ಪಿಗೆಯಾದ ಯೋಜನೆಯಲ್ಲಿ ಸೇರದ ಹಳೇ ಬಾಕಿಯೆಲ್ಲ ಅಳಿಸಿ ಹೋಗುತ್ತದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಗೆ ಗಂಗಾಸ್ನಾನ, ರೈತನ ಮನೆಗೆ ಹಳೇ ಕೊಳೆ. ಇದು ಯಾವ ನ್ಯಾಯ?

ರೈತ ವಾಸವಿರುವ ಮನೆಯನ್ನು ಜಪ್ತಿ ಮಾಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಕೇಳೋದಕ್ಕೆ ಹಿತವಾಗಿದೆ. ಆದರೆ ಅಡಮಾನದ ಮನೆಯನ್ನು ಹರಾಜು ಹಾಕಲು ಜಪ್ತಿಯೇ ಬೇಕಿಲ್ಲ! 2002ರ ಸರ್ಫೇಸಿ ಕಾಯಿದೆಯೂ ಹಾಗೆಯೇ. ಕೃಷಿ ಜಮೀನಿಗೆ ವಿನಾಯಿತಿ ಕೊಟ್ಟಿತು, ರೈತನ ಮನೆಯನ್ನು ಮರೆಯಿತು. ಕಾನೂನು ಮುಂಬಾಗಿಲು ಕಾಯುತ್ತಿದೆ, ಬ್ಯಾಂಕು ಹಿತ್ತಲಿಂದ ಸೂರು ಕೀಳುತ್ತಿದೆ.

ಹಾಗಂತ ಕೈಕಟ್ಟಿ ಕೂರಬೇಡಿ. ಮಾರಲೇಬೇಕಾದರೆ ಹರಾಜಿನ ತಮಟೆ ಬಾರಿಸುವ ಮುಂಚೆ ನೀವೇ ಮಾರಿ. ಸರ್ಫೇಸಿಯ 60 ದಿನದ ನೋಟೀಸು ಕೈಗೆ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವ ಹಾಗಿಲ್ಲ. ಕೊಳ್ಳುವವನನ್ನು ಬ್ಯಾಂಕಿಗೇ ಕರೆದುಕೊಂಡು ಹೋಗಿ. ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ, ಬಾಯಿಮಾತು ನಂಬಬೇಡಿ. ಮೊದಲು ಬಾಕಿ ಕಟ್ಟಿಸಿ, ಅಡಮಾನ ತೀರಿದ ಪತ್ರ ನೋಂದಣಿ ಮಾಡಿಸಿ. ಮಿಕ್ಕ ಹಣ ನಿಮ್ಮದು. ಪೂರ್ತಿ ಕಟ್ಟಿದ 30 ದಿನದಲ್ಲಿ ಬ್ಯಾಂಕು ಮನೆ ಪತ್ರ ವಾಪಸು ಕೊಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ತೆರಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮ. ಮನೆ ಮಾರಿಯೂ ಸಾಲ ತೀರದಿದ್ದರೆ ಹೆದರಬೇಡಿ. ಕೋರ್ಟು ಬಿಡುಗಡೆ ಕೊಟ್ಟ ಸಾಲಕ್ಕಾಗಿ ನಿಮ್ಮ ನಾಳೆಯ ದುಡಿಮೆಗೆ ಯಾರೂ ಕೈಹಾಕುವಂತಿಲ್ಲ.

ಆದರೆ ಇಷ್ಟಕ್ಕೇ ತೃಪ್ತರಾಗೋಣವೇ? ಮಂಡಿಯಲ್ಲಿ ನಮ್ಮ ಬೆಳೆಗೆ ಬೆಲೆ ಕಟ್ಟುವವನು ಬೇರೆಯವನು. ಹರಾಜಿನಲ್ಲಿ ನಮ್ಮ ಮನೆಗೆ ಬೆಲೆ ಕಟ್ಟುವವನೂ ಬೇರೆಯವನೇ. ನಡುವೆ ನಮ್ಮದು ಅಂತ ಇರುವುದು ಹೆಬ್ಬೆಟ್ಟು ಒಂದೇ!

ನಮ್ಮ ಬೇಡಿಕೆ ಮೂರೇ ಮೂರು. ರೈತನ ವಾಸದ ಮನೆಗೆ ಜಪ್ತಿಯಿಂದ ಇರುವ ರಕ್ಷಣೆ ಅಡಮಾನದ ಹರಾಜಿನಿಂದಲೂ ಸಿಗಬೇಕು. ದಿವಾಳಿಯಾದ ರೈತನಿಗೆ ಮನೆಯನ್ನು ತಾನೇ ನ್ಯಾಯವಾದ ಬೆಲೆಗೆ ಮಾರಲು ಕಾಲಾವಕಾಶ ಬೇಕು. ಜಾಮೀನು ನಿಂತ ಬಡ ರೈತನಿಗೂ ಬಿಡುಗಡೆ ಬೇಕು.

ಬೆಲೆ ಕೊಡದೆ ಸಾಲ ಕೊಟ್ಟರು. ಸಾಲ ಕೊಟ್ಟು ಈಗ ಸೂರು ಕೇಳುತ್ತಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಅದಕ್ಕೂ ಮುಂಚೆ, ಇವತ್ತೇ ನಿಮ್ಮ ಮನೆಯ ಪತ್ರ ಯಾರ ಪೆಟ್ಟಿಗೆಯಲ್ಲಿದೆ ಅಂತ ನೋಡಿಕೊಳ್ಳಿ.