ಮಣ್ಣು ಆರೋಗ್ಯ ಚೀಟಿ: ಸರಾಸರಿ ಫಲಿತಾಂಶದಿಂದ ಸ್ವಂತ ಹೊಲದತ್ತ

ಕೇಂದ್ರ ಸರ್ಕಾರವು 2015ರ ಫೆಬ್ರವರಿಯಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿ ಯೋಜನೆಯು ರಸಸಾರ, ಲವಣಾಂಶ, ಸಾವಯವ ಇಂಗಾಲ ಸೇರಿದಂತೆ 12 ಅಂಶಗಳ ಮಾಹಿತಿಯನ್ನು ರೈತರಿಗೆ ಒದಗಿಸುತ್ತದೆ. ಆದರೂ ಗೊಬ್ಬರ ಬಳಕೆ ಯೂರಿಯಾದ ಕಡೆಗೇ ವಾಲಿದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ಬೆಲೆ. 2010ರಲ್ಲಿ ಜಾರಿಗೆ ಬಂದ ಪೋಷಕಾಂಶ ಆಧಾರಿತ ಸಹಾಯಧನ ನೀತಿಯಿಂದ ಯೂರಿಯಾವನ್ನು ಹೊರಗಿಡಲಾಯಿತು. ತೆರಿಗೆ ಮತ್ತು ಬೇವು ಲೇಪನದ ವೆಚ್ಚ ಹೊರತುಪಡಿಸಿ 45 ಕೆ.ಜಿ. ಚೀಲಕ್ಕೆ 242 ರೂಪಾಯಿ ನಿಗದಿಯಾಗಿರುವಾಗ, ಚೀಟಿಯ ಶಿಫಾರಸಿಗಿಂತ ಅಗ್ಗದ ಚೀಲವೇ ರೈತರನ್ನು ಸೆಳೆಯುವುದು ಸಹಜ. ಆದರೆ 2009ರಲ್ಲಿ ರಾಜ್ಯದಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಖುಷ್ಕಿ ಜಮೀನುಗಳಲ್ಲಿ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿವೆ. ಈ ಕೊರತೆಯನ್ನು ಯೂರಿಯಾ ನೀಗಿಸದು.

ಎರಡನೆಯದು ಮಾದರಿ ಸಂಗ್ರಹದ ವಿಧಾನ. ಯೋಜನೆಯಡಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ನಿಗದಿಯಾಯಿತು. ಸಣ್ಣ ಹಿಡುವಳಿದಾರನ ಕೈಲಿರುವ ಚೀಟಿಯು ಹಲವರ ಹೊಲಗಳನ್ನು ಪ್ರತಿನಿಧಿಸುವ ಫಲಿತಾಂಶವಾಗಿರಬಹುದು.

ಮಣ್ಣು ಪರೀಕ್ಷೆಗೂ ಮಿತಿಯಿದೆ. ಸುಣ್ಣದಂಶವುಳ್ಳ ಕಪ್ಪು ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಅಧಿಕ ರಸಸಾರದಿಂದಾಗಿ ಬೆಳೆಗೆ ಲಭ್ಯವಾಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಮಣ್ಣಿನಲ್ಲಿ ಏನಿದೆ ಎಂಬುದನ್ನು ಮಣ್ಣು ಪರೀಕ್ಷೆ ತಿಳಿಸಿದರೆ, ಬೆಳೆಗೆ ದಕ್ಕಿದ್ದೆಷ್ಟು ಎಂಬುದನ್ನು ಎಲೆ ಪರೀಕ್ಷೆ ತಿಳಿಸುತ್ತದೆ. ವಿಜಯಪುರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಎಲೆತೊಟ್ಟಿನ ಪರೀಕ್ಷೆ ಪರಿಚಿತ. ತೆಂಗಿನಲ್ಲಿ 14ನೆಯ ಗರಿ ಸೂಚಕ ಭಾಗವಾಗಿದೆ.

ಮೇವಿನ ಬೆಳೆಗಳಿಗೆ ಈ ಪರೀಕ್ಷೆಗಳು ಇನ್ನಷ್ಟು ಅಗತ್ಯ. ಹೈಬ್ರಿಡ್ ನೇಪಿಯರ್ ಹುಲ್ಲಿನ ಪ್ರತಿ ಕಟಾವಿನೊಂದಿಗೆ ಸಾರಜನಕ ಮಾತ್ರವಲ್ಲದೆ ಪೊಟ್ಯಾಷ್ ಸಹ ದೊಡ್ಡ ಪ್ರಮಾಣದಲ್ಲಿ ಹೊಲದಿಂದ ಹೊರಹೋಗುತ್ತದೆ. ಸಗಣಿ ಗೊಬ್ಬರ ಬೇರೆ ಹೊಲ ಸೇರಿದರೆ ಆ ನಷ್ಟ ಭರ್ತಿಯಾಗುವುದಿಲ್ಲ.

ಆದ್ದರಿಂದ ರೈತ ಬಾಂಧವರು ಚೀಟಿಯನ್ನು ಆರಂಭಿಕ ಸೂಚನೆಯಾಗಿ ಮಾತ್ರ ಪರಿಗಣಿಸಿ, ಬಿತ್ತನೆಗೆ ಮುನ್ನ ತಮ್ಮ ಹೊಲದ ಮಾದರಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳುವುದು ಸೂಕ್ತ. ಬದು, ಮರದ ನೆರಳು ಹಾಗೂ ಗೊಬ್ಬರದ ಗುಂಡಿಯ ಬಳಿ ಬಿಟ್ಟು, ಹಲವು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ಅರ್ಧ ಕೆ.ಜಿ.ಯನ್ನು ನೆರಳಿನಲ್ಲಿ ಒಣಗಿಸಿ ಕಳುಹಿಸಬೇಕು. ಬೋರಾನ್ ಕೊರತೆಗೂ ನಂಜಿಗೂ ಅಂತರ ಅತ್ಯಲ್ಪವಾದುದರಿಂದ ಪರೀಕ್ಷೆಯಿಲ್ಲದೆ ಅದನ್ನು ಪ್ರತಿವರ್ಷ ಬಳಸಬಾರದು.