ಶರಣೆಯರ ವಚನವೂ ತರಗತಿಯ ಪಾಠವೂ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ಮಲಪ್ರಭೆಯ ಸೀಮೆಯ ಮನೆಮನೆಗಳಿಂದ ಹೆಣ್ಣುಮಕ್ಕಳು ಇಂದು ಕಾಲೇಜಿಗೆ ಹೋಗಿ, ಶಿವಶರಣೆಯರ ವಚನಗಳನ್ನು ಪಠ್ಯವಾಗಿ ಅಭ್ಯಸಿಸುತ್ತಿರುವುದು ಸಂತೋಷದ ಸಂಗತಿ. ಅಲ್ಲಿ ಸ್ತ್ರೀವಾದಿ ದೃಷ್ಟಿಯಿಂದ ಪಾಠ ನಡೆಯುತ್ತದೆಂದು ಕೇಳಿ ಕೆಲವು ಹಿರಿಯರು ಕಳವಳಪಡುವುದುಂಟು. ಆ ದೃಷ್ಟಿಯ ಉಪಕಾರವೆಷ್ಟು, ಎಲ್ಲೆ ಯಾವುದು ಎಂಬುದನ್ನು ಸಮಾಧಾನದಿಂದ ವಿಚಾರಿಸೋಣ.

ಬಹುಕಾಲ ನಾವು ಅಕ್ಕಮಹಾದೇವಿಯೊಬ್ಬರನ್ನೇ ಸ್ಮರಿಸಿ ಉಳಿದ ಶರಣೆಯರನ್ನು ಮರೆತಿದ್ದೆವು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಾಗ ಶರಣೆಯರಿಗೆ ಪ್ರತ್ಯೇಕ ಸಂಪುಟವೇ ದೊರೆಯಿತು. ನೂಲುವ ಕಾಯಕದ ಕದಿರೆ ರೆಮ್ಮವ್ವೆ, ಸೂಳೆವೃತ್ತಿಯಿಂದ ಬಂದ ಸಂಕವ್ವೆ ಮೊದಲಾದವರ ನುಡಿಗಳಲ್ಲಿ ಹೆಣ್ಣಿನ ಬಾಳನ್ನು ಕಾಣಲು ಕಲಿಸಿದ ವಿಮರ್ಶೆಗೆ ನಾವು ಋಣಿಗಳು.

ಆದರೆ ಎಲ್ಲ ವಚನಗಳಿಗೂ ಒಂದೇ ಪ್ರಶ್ನೆಯನ್ನು ಹಾಕಿದರೆ ಉತ್ತರವೂ ಒಂದೇ ಬರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಪತಿ ಮಾರಯ್ಯನ ಹೆಸರಿದೆ. ಇಷ್ಟನ್ನೇ ನೋಡಿ ಆಕೆ ಗಂಡನ ನೆರಳೆಂದು ತೀರ್ಮಾನಿಸಬಹುದು. ಆದರೆ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದು ಕಳುಹಿದವಳು ಅವಳೇ. ಅಲ್ಲಿ ಪ್ರಶ್ನೆ ಗಂಡು ಹೆಣ್ಣಿನದಷ್ಟೇ ಅಲ್ಲ. ಮನುಷ್ಯನಿಗೆ ಎಷ್ಟು ಸಾಕು ಎಂಬುದು. ಆ ಪ್ರಶ್ನೆಯನ್ನು ಕೇಳಿಸದ ಪಾಠವು ಲಕ್ಕಮ್ಮನನ್ನು ಅರ್ಧವೇ ತೋರಿಸಿತು.

ಗಂಗಾಂಬಿಕೆಯನ್ನೇ ನೋಡಿರಿ. ಅವರ ಐಕ್ಯಸ್ಥಳವು ನಮ್ಮ ಸಮೀಪದಲ್ಲಿಯೇ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ತೀರದಲ್ಲಿದೆ. ಪತಿ ಬಸವಣ್ಣನವರ ಕೂಡಲಸಂಗನೇ ಅವರಿಗೂ ಇಷ್ಟದೈವ. ಆದರೆ ಅವರ ಅಂಕಿತದಲ್ಲಿ ಆತ ‘ಗಂಗಾಪ್ರಿಯ’ನಾಗಿದ್ದಾನೆ. ಇದು ಬಂಡಾಯವೂ ಅಲ್ಲ, ಅಡಿಯಾಳುತನವೂ ಅಲ್ಲ. ಭಕ್ತಿಯಲ್ಲಿ ದೊರೆತ ಸಮಪಾಲು.

ಇನ್ನೊಂದು ಮಾತನ್ನೂ ಹೇಳದಿರಲಾಗದು. ಮನೆಯಲ್ಲಿ ಅಕ್ಕನ ವಚನ ಹಾಡಿ, ಮಗಳ ಓದನ್ನು ಮದುವೆಯ ನೆವದಿಂದ ನಿಲ್ಲಿಸುವವರಿಗೆ ಅಧ್ಯಾಪಕರನ್ನು ದೂರುವ ಅಧಿಕಾರವಿಲ್ಲ. ತರಗತಿಯ ಪಾಠದಲ್ಲಿ ಕೊರತೆಯಿದ್ದರೆ ಅದನ್ನು ತುಂಬಬೇಕಾದವರು ನಾವೇ. ತಾಯಂದಿರೇ, ಮಗಳು ಪುಸ್ತಕ ಹಿಡಿದು ಬಂದಾಗ ಪಕ್ಕದಲ್ಲಿ ಕುಳಿತು ಇಡೀ ವಚನವನ್ನು ಓದಿಸಿ ಕೇಳಿರಿ. ಅವಳ ಪ್ರಶ್ನೆಗೆ ಬೆದರದಿರಿ. ಪ್ರಶ್ನಿಸುವುದನ್ನು ನಮಗೆ ಕಲಿಸಿದವರೇ ಶರಣರಲ್ಲವೇ?