‘ಬರೀ ಸೆನ್ಸರ್’ ಅಂದರೆ ಏನರ್ಥ?

‘ಅದೇನಿಲ್ಲ ಸಾರ್, ಬರೀ ಸೆನ್ಸರ್ ಪ್ರಾಬ್ಲಮ್ಮು, ಓಡಿಸ್ತಾ ಇರಿ.’ ಸೆಕೆಂಡ್ ಹ್ಯಾಂಡ್ ಬೈಕ್ ತಂದ ಮೂರನೇ ದಿನವೇ ಹಳದಿ ಇಂಜಿನ್ ದೀಪ ಹತ್ತಿದಾಗ ಮಾರಿದವನು ನನಗೆ ಹೇಳಿದ ಸಮಾಧಾನ ಇದು. ಬರೀ ಸೆನ್ಸರ್ ಅಂತೆ! 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಬಂದ ಮೇಲೆ ಬಹುತೇಕ ಬೈಕುಗಳು ಪೆಟ್ರೋಲ್ ಅಳೆಯೋದೇ ಸೆನ್ಸರ್ ನಂಬಿಕೊಂಡು. ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೈಲೇಜೂ ಕೆಡಬಹುದು, ಹೊಗೆಯೂ ಕೆಡಬಹುದು. ಕೋಡ್ ಅಳಿಸಿ ದೀಪ ಆರಿಸಿ ಮಾರೋದು ರಿಪೇರಿಯಲ್ಲ, ಮೋಸ. ದೋಷ ಉಳಿದಿದ್ದರೆ ಅದು ಮತ್ತೆ ಹತ್ತುತ್ತೆ. ದುಡ್ಡು ಕೊಡುವ ಮುಂಚೆ ಕೀ ಆನ್ ಮಾಡಿ: ದೀಪ ಹತ್ತಬೇಕು, ಇಂಜಿನ್ ಓಡುವಾಗ ಆರಿರಬೇಕು. ಹತ್ತಲೇ ಇಲ್ಲವಾ? ಇನ್ನೂ ಜಾಸ್ತಿ ಅನುಮಾನ ಪಡಿ. ಆರ್‌ಸಿ, ಇನ್ಶೂರೆನ್ಸ್ ಕೇಳುವ ನಾವು ಸ್ಕ್ಯಾನರ್ ಹಾಕಿಸಿ ಕೋಡ್ ತೋರಿಸಿ ಅಂತ ಕೇಳೋಕೆ ಯಾಕೆ ಸಂಕೋಚಪಡಬೇಕು?